ನಾಡಿ ಹಿಡಿದು ಅಳೆದ ನೀರು

ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಅವಳು ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದಳು. ಎಂಬತ್ತಾರು. ಮನೆಯಲ್ಲಿ ಯಾವತ್ತೂ ಎಪ್ಪತ್ತೆರಡು ದಾಟದ ನಾಡಿ ಇವತ್ತು ಅವಳಿಗಿಂತ ಮೊದಲೇ ಎದ್ದು ಆಫೀಸಿಗೆ ಹೊರಟು ನಿಂತಿತ್ತು. "ದಿನಾ ಬೆಳಗಾದ್ರೆ ನಿನ್ನ ಕೈ ನೀನೇ ಹಿಡ್ಕೊಂಡು ನಿಂತಿರ್ತೀಯಲ್ಲೇ, ಬೇರೆ ಯಾರೂ ಹಿಡಿಯೋರು ಸಿಗಲ್ಲ ಅಂತ ತೀರ್ಮಾನ ಮಾಡ್ಬಿಟ್ಯಾ?" ಎಂದಳು ಅಮ್ಮ, ಒಲೆಯ ಕಡೆಯಿಂದ ಮುಖ ತಿರುಗಿಸದೆ. ಬಾಯಿ ತುಂಬ ನೊರೆ ಇದ್ದುದರಿಂದ ಉತ್ತರ ಕೊಡಬೇಕಾಗಲಿಲ್ಲ. ಬಾಯಲ್ಲಿ ನೊರೆ ಇರುವುದು ಎಷ್ಟು ಅನುಕೂಲ, ಇಡೀ ದಿನ ಹೀಗೇ ಇರಲು ಬಿಡುವುದಾದರೆ ತಾನೂ ಎಲ್ಲರಂತೆ ನೌಕರಿ ಮಾಡಬಲ್ಲೆ, ಎಂದುಕೊಂಡಳು. ಹನ್ನೊಂದಕ್ಕೆ ಪರಿಶೀಲನಾ ಸಮಿತಿ ಬರುತ್ತದೆ. ಹನ್ನೆರಡಕ್ಕೆ ವರದಿ ಓದುತ್ತಾರೆ. ಅಷ್ಟು ಹೊತ್ತಿಗೆ ಆಫೀಸಿನ ಫಿಟ್ಟರ್ ಮಾಮನ ತಲೆಯ ಮೇಲೆ ಗೂಬೆ ಕೂತಿರುತ್ತದೆ. ಆ ಗೂಬೆಯನ್ನು ಒಂದೂವರೆ ವರ್ಷದಿಂದ ದಿನಕ್ಕೆ ಮೂರು ಹೊತ್ತು ಮೇವು ಹಾಕಿ ಸಾಕಿದವಳು ತಾನು. ಅವಳು ನೊರೆಯನ್ನು ಉಗಿದಳು. ಅದು ಬಚ್ಚಲ ತೂತಿನ ಕಡೆ ನಿಧಾನವಾಗಿ ಸಾಗುವುದನ್ನು ನೋಡುತ್ತ, ಅಭ್ಯಾಸಬಲದಿಂದ ಬೆರಳು ಮತ್ತೆ ಮಣಿಕಟ್ಟಿಗೆ ಹೋಯಿತು.

ಅವಳು ಕೆಲಸ ಮಾಡುವ ಕಟ್ಟಡದ ಮುಂದೆ 'ಮಂದಜಲ ಮಂದಾನಿಲ ಶಕ್ತಿ ಸಂಶೋಧನಾ ಕೇಂದ್ರ' ಎಂಬ ಉದ್ದನೆಯ ಬೋರ್ಡಿತ್ತು. ಊರಿನವರು ಅಷ್ಟುದ್ದ ಓದುವ ತಾಳ್ಮೆಯಿಲ್ಲದೆ 'ಮಂದ ಆಫೀಸು' ಎನ್ನುತ್ತಿದ್ದರು. ಕೆಲಸ ಸಿಕ್ಕಿದ ದಿನ ಅಕ್ಕ, "ಇವಳಿಗೆ ಅಂತಲೇ ಕಟ್ಸಿದ ಹಾಗಿದೆ" ಎಂದು ನಕ್ಕಿದ್ದಳು. ಅವಳೂ ನಕ್ಕು, ರಾತ್ರಿ ಡೈರಿಯಲ್ಲಿ ಆ ಮಾತನ್ನು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದಳು. ಧುಮ್ಮಿಕ್ಕುವ ನೀರಿನಿಂದ, ಬೀಸುವ ಗಾಳಿಯಿಂದ ವಿದ್ಯುತ್ತು ತೆಗೆಯುವುದರಲ್ಲಿ ಏನು ದೊಡ್ಡಸ್ತಿಕೆ ಎಂದು ನಿರ್ದೇಶಕರು ಬಂದವರನ್ನೆಲ್ಲ ಕೇಳುತ್ತಿದ್ದರು. "ಓಡೋನ ಕೈಲಿ ಯಾರ್ ಬೇಕಾದ್ರೂ ಕೆಲಸ ಮಾಡಿಸ್ತಾರೆ ಸ್ವಾಮಿ. ಸೋಮಾರಿ ಕೈಲಿ ಮಾಡಿಸ್ಬೇಕು, ಅದು ವಿಜ್ಞಾನ." ಈ ಮಾತು ಹೇಳುವಾಗ ಅವರ ಕಣ್ಣು ಯಾಕೋ ಅವಳ ಮೇಜಿನ ಕಡೆ ಹೊರಳುತ್ತಿತ್ತು. ಕೇಂದ್ರದ ಹಿಂದೆ ಪೇಟೆಯ ಕಾಲುವೆ. ಅದರಲ್ಲಿ ನೀರು ಎಷ್ಟು ಮೆಲ್ಲಗೆ ಹರಿಯುತ್ತದೆ ಎಂದು ದಿನಕ್ಕೆ ಮೂರು ಸಲ, ಒಂಬತ್ತಕ್ಕೆ, ಒಂದಕ್ಕೆ, ನಾಲ್ಕಕ್ಕೆ, ಅಳೆದು ರಿಜಿಸ್ಟರಿನಲ್ಲಿ ಬರೆಯುವುದು ಅವಳ ಕೆಲಸ. ದಂಡೆಯ ಮೇಲೆ ಹತ್ತು ಮೀಟರ್ ಅಂತರದಲ್ಲಿ ಎರಡು ಗೂಟ. ಮೊದಲ ಗೂಟದ ಎದುರು ಹಳದಿ ಬಳಿದ ಮರದ ಚೆಂಡನ್ನು ನೀರಿಗೆ ಬಿಟ್ಟು, ಅದರ ಜೊತೆ ಜೊತೆಗೇ ದಂಡೆಯಲ್ಲಿ ನಡೆದು, ಎರಡನೆಯ ಗೂಟದಲ್ಲಿ ಬಲೆಯಿಂದ ಎತ್ತಿಕೊಳ್ಳಬೇಕು. ನಡುವೆ ಹೋದ ಸೆಕೆಂಡುಗಳನ್ನು ಸ್ಟಾಪ್‌ವಾಚು ಹೇಳುತ್ತದೆ. ಭೌತಶಾಸ್ತ್ರದಲ್ಲಿ ಪದವಿ ಪಡೆದವಳಿಗೆ ಇದಕ್ಕಿಂತ ಸುಲಭದ ಕೆಲಸ ಯಾರು ಕೊಡುತ್ತಾರೆ?

ಮೊದಲ ದಿನ, ಮೊದಲ ಸಲ, ಚೆಂಡು ಇನ್ನೂ ಕೈಯಲ್ಲೇ ಇದ್ದಾಗ, ಸೇತುವೆಯ ಮೇಲಿನ ಸೈಕಲ್ ರಿಪೇರಿಯವನು ಕಟಾಂಜನದಿಂದ ಬಗ್ಗಿ, "ಮೇಷ್ಟ್ರಮ್ಮಾ! ಮೀನು ಬಿತ್ತಾ?" ಎಂದು ಕೂಗಿದ. ಅವನ ಸುತ್ತ ಟ್ಯೂಬಿಗೆ ಗಾಳಿ ಹಾಕಿಸಲು ಬಂದವರು ನಾಲ್ಕೈದು ಜನ ಇದ್ದರು, ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ. ಆದರೆ ಅವಳು ಬೆಚ್ಚಿದಳು, ಸ್ಟಾಪ್‌ವಾಚು ಬುಳಕ್ಕೆಂದು ನೀರಿಗೆ ಬಿತ್ತು. ಅದು ಬಿದ್ದ ಸದ್ದು ಅಷ್ಟು ಚಿಕ್ಕದಾಗಿತ್ತು ಎಂಬುದೇ ಅವಳಿಗೆ ಆಮೇಲೂ ಆಶ್ಚರ್ಯ. ಒಳಗೆ ಬಂದು ಕಳೆದ ವಸ್ತುವಿನ ಫಾರಂ ತೆಗೆದು ನೋಡಿದಳು. ಮೂರು ಪ್ರತಿ, ನಿರ್ದೇಶಕರ ಸಹಿ, 'ಕಳೆದ ಕಾರಣ' ಎಂದೊಂದು ಕಾಲಂ. ಏನೆಂದು ಬರೆಯುವುದು, ಒಬ್ಬರು ತಮಾಷೆ ಮಾಡಿದರು ಎಂದೇ? ಫಾರಮನ್ನು ಇದ್ದಲ್ಲೇ ಇಟ್ಟು ಮತ್ತೆ ದಂಡೆಗೆ ಹೋದಳು. ಅವಳ ಕೈಗಡಿಯಾರ ಅಕ್ಕ ಬಿಟ್ಟುಕೊಟ್ಟದ್ದು, ಚಂದಕ್ಕೆ ಎರಡೇ ಮುಳ್ಳು, ಸೆಕೆಂಡಿನದಿಲ್ಲ. ಸೇತುವೆಯ ಮೇಲಿನ ಐದು ಜನರ ಕೈಯಲ್ಲೂ ಗಡಿಯಾರವಿತ್ತು. ಕೇಳಬಹುದಿತ್ತು. ಆದರೆ ತಲೆಯೆತ್ತಿ, ಬಾಯಿ ತೆರೆದು, ಐದು ಜನ ಗಂಡಸರನ್ನು ಸೆಕೆಂಡು ಕೇಳುವುದಕ್ಕಿಂತ ಕಾಲುವೆಗೆ ಹಾರುವುದು ಅವಳಿಗೆ ಹಗುರವಾಗಿ ಕಂಡಿತು. ಆಗ ನೆನಪಾದದ್ದು ನಾಡಿ. ನಿಮಿಷಕ್ಕೆ ಎಪ್ಪತ್ತೆರಡು ಎಂದು ಪಾಠದಲ್ಲಿತ್ತು, ಮನೆಯಲ್ಲಿ ಅಳೆದಾಗಲೂ ಎಪ್ಪತ್ತೆರಡೇ ಬಂದಿತ್ತು. ಚೆಂಡು ಬಿಟ್ಟಳು, ಮಣಿಕಟ್ಟು ಹಿಡಿದಳು, ನಡೆದಳು. ಐವತ್ಮೂರು ಬಡಿತ. ಲೆಕ್ಕ ಹಾಕಿದರೆ ನಲವತ್ತನಾಲ್ಕು ಸೆಕೆಂಡು. ರಿಜಿಸ್ಟರಿನಲ್ಲಿ ದುಂಡಗೆ ಬರೆದಳು. ಅಂದು ರಾತ್ರಿ ಡೈರಿಯಲ್ಲಿ 'ನೀರು ತುಂಬ ನಿಧಾನ' ಎಂದು ಮಾತ್ರ ಬರೆದಳು. ತಾನೊಬ್ಬಳೇ ಓದುವ ಪುಸ್ತಕಕ್ಕೂ ಸುಳ್ಳು ಹೇಳಿದ್ದು ಅದೇ ಮೊದಲು.

ಅಂಥ ಆರು ತಿಂಗಳ ಐವತ್ಮೂರುಗಳ ಮೇಲೆ ನಿರ್ದೇಶಕರು ಚಕ್ರ ಮಾಡಿಸಿದರು. ಮೆಲ್ಲನೆಯ ನೀರಿಗೆ ತಕ್ಕಂತೆ ಅಗಲವಾದ ಹಲಗೆಗಳು, ತೆಳ್ಳನೆಯ ಶಾಫ್ಟು, ಚಿಕ್ಕ ಬೇರಿಂಗು. ಏಳನೆಯ ತಿಂಗಳು ಭಾವ ಅವಳ ಹುಟ್ಟುಹಬ್ಬಕ್ಕೆ ಸೆಕೆಂಡಿನ ಮುಳ್ಳಿರುವ ಗಡಿಯಾರ ತಂದುಕೊಟ್ಟರು. ಮರುದಿನ ಸೇತುವೆ ಖಾಲಿಯಿದ್ದ ಹೊತ್ತು ನೋಡಿ ಅವಳು ಚೆಂಡು ಬಿಟ್ಟಳು. ಇಪ್ಪತ್ತೈದು ಸೆಕೆಂಡು. ಮತ್ತೆ ಬಿಟ್ಟಳು, ಮತ್ತೆ ಇಪ್ಪತ್ತೈದು. ಆಮೇಲೆ ಸೈಕಲ್ಲಿನವನು ಬಂದು ಕೂತ, ಅವಳು ನಾಡಿ ಹಿಡಿದು ಗಡಿಯಾರ ನೋಡಿದಳು: ನಿಮಿಷಕ್ಕೆ ನೂರ ಇಪ್ಪತ್ತೆಂಟು. ಅಂದರೆ ಆರು ತಿಂಗಳು ಅವಳು ಅಳೆದದ್ದು ನೀರನ್ನಲ್ಲ. ನೀರು ಅಷ್ಟೇನೂ ಮಂದವಾಗಿರಲಿಲ್ಲ, ತನ್ನ ಪಾಡಿಗೆ ಹರಿಯುತ್ತಿತ್ತು. ದಂಡೆಯ ಮೇಲೆ ಅದರ ಜೊತೆ ನಡೆಯುತ್ತಿದ್ದ ಎದೆ ಓಡುತ್ತಿತ್ತು. ಈಗ ಸರಿಯಾದ ಅಂಕಿ ಬರೆದರೆ ಹಿಂದಿನದೆಲ್ಲ ಎದ್ದು ಕೂತು ಬೆರಳು ತೋರಿಸುತ್ತದೆ. ಚಕ್ರ ಆಗಲೇ ಎರಕಕ್ಕೆ ಹೋಗಿತ್ತು. ಗಡಿಯಾರವನ್ನು ಬಿಚ್ಚಿ ಮೇಜಿನ ಡ್ರಾಯರಿನಲ್ಲಿಟ್ಟು, ನಾಲ್ಕು ಗಂಟೆಗೆ ಮತ್ತೆ ಮಣಿಕಟ್ಟು ಹಿಡಿದಳು.

ಸಿಕ್ಕಿಬೀಳುತ್ತೇನೆ ಎಂದುಕೊಂಡಿದ್ದಳು. ಚಕ್ರ ಇಳಿಸಿದ ವಾರವೇ ವಿದ್ಯುತ್ತಿನ ಮೀಟರು, ಆ ನೀರಿನಲ್ಲಿ ಇರಬೇಕಾದ್ದರ ಒಂದೂವರೆ ಪಟ್ಟು ಶಕ್ತಿ ಬರುತ್ತಿದೆ ಎಂದು ತೋರಿಸಿತು. ನೂರಕ್ಕೆ ನೂರ ಐವತ್ತಾರು. ಶಾಲೆಯ ಹುಡುಗರೂ ತಲೆ ಕೆರೆದುಕೊಳ್ಳುವ ಲೆಕ್ಕ. ನಿರ್ದೇಶಕರು ತಲೆ ಕೆರೆದುಕೊಳ್ಳಲಿಲ್ಲ, ತಲೆ ಬಾಚಿಕೊಂಡು ಫೋಟೋ ತೆಗೆಸಿದರು. ಪ್ರಬಂಧ ಓದಿದರು, ಶಾಲು ಹೊದೆಸಿಕೊಂಡರು. ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ಆ ಹೆಚ್ಚಿನ ಶಕ್ತಿ ಎಲ್ಲಿಂದ ಬರುತ್ತದೆ ಎಂದು ಗೊತ್ತಿದ್ದವಳು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು. ನನ್ನ ಅಂಜಿಕೆಯಿಂದ ಊರಿಗೆ ಬೆಳಕು ಕೊಡಬಹುದಾದರೆ ಕಂಬಕ್ಕೊಂದು ತಂತಿ ಎಳೆಯಿರಿ, ಇದು ಮುಗಿಯುವಂಥ ಸರಕಲ್ಲ, ಎಂದು ಒಳಗೊಳಗೇ ಹೇಳಿಕೊಂಡು ಅವಳಿಗೆ ನಗುವೂ ಬಂದಿತ್ತು. ಆಗ ಬೇರಿಂಗು ಇನ್ನೂ ಮುರಿದಿರಲಿಲ್ಲ.

ಮೊದಲ ಬೇರಿಂಗು ಮೂರು ವಾರಕ್ಕೆ ಹೋಯಿತು. ಎರಡನೆಯದು ಹದಿನೆಂಟು ದಿನ. ಮಂದ ನೀರಿಗೆಂದು ಮಾಡಿದ ತೆಳ್ಳನೆಯ ಶಾಫ್ಟು ನಿಜವಾದ ನೀರಿಗೆ ಸಿಕ್ಕು ಕಿರುಗುಡುತ್ತಿತ್ತು. ಫಿಟ್ಟರ್ ಮಾಮ ಎದೆಮಟ್ಟ ನೀರಿನಲ್ಲಿ ನಿಂತು ಬಿಚ್ಚುತ್ತಿದ್ದ, ಹಾಕುತ್ತಿದ್ದ. ಮೂವತ್ತು ವರ್ಷ ಕಬ್ಬಿಣದ ಜೊತೆ ಬದುಕಿದವನು. ಬೋಲ್ಟು ಸರಿಯಾಗಿ ಕೂತಿತೇ ಎಂದು ಕಿವಿಯಿಟ್ಟು ಹೇಳುತ್ತಿದ್ದವನು. ಮಧ್ಯಾಹ್ನ ವರ್ಕ್‌ಶಾಪಿನ ಬೆಂಚಿನ ಮೇಲೆ ಅವಳೂ ಅವನೂ ಡಬ್ಬಿ ಬಿಚ್ಚುತ್ತಿದ್ದರು. ಅವನೊಬ್ಬನ ಎದುರು ಮಾತ್ರ ಅವಳು ಮಾತಾಡದೆಯೂ ಕೂರಬಹುದಿತ್ತು. ನಾಲ್ಕನೆಯ ಬೇರಿಂಗು ಹೋದ ದಿನ ಅವನು ಡಬ್ಬಿ ಮುಚ್ಚಿಟ್ಟು, ಬಲಗೈಯನ್ನು ಅವಳ ಕಣ್ಣೆದುರು ಚಾಚಿ, "ನೋಡು ತಾಯಿ, ನಿಜ ಹೇಳು. ನಡುಗ್ತಿದೆಯಾ?" ಎಂದ. ಗ್ರೀಸಿನ ಕಪ್ಪು ಗೆರೆಗಳ ಕೈ, ಕಲ್ಲಿನಲ್ಲಿ ಕೆತ್ತಿಟ್ಟಂತೆ ನಿಂತಿತ್ತು. "ಇಲ್ಲ ಮಾಮ." "ನೀನು ಒಳ್ಳೆಯವಳು, ಇದ್ರೂ ಇಲ್ಲ ಅಂತೀಯ." ಅಂದಿನಿಂದ ಅವನು ಬಿಗಿದ ಬೋಲ್ಟನ್ನೇ ಮೂರು ಸಲ ಮುಟ್ಟಿ ನೋಡತೊಡಗಿದ. ಟೀ ಲೋಟವನ್ನು ಎರಡು ಕೈಯಲ್ಲಿ ಹಿಡಿಯತೊಡಗಿದ. ಅವಳು ಎಷ್ಟೋ ರಾತ್ರಿ ಡೈರಿ ತೆರೆದು, ತಾರೀಕು ಬರೆದು, ಮುಚ್ಚಿದಳು.

ಹನ್ನೊಂದಕ್ಕೆ ಸಮಿತಿಯ ಕಾರು ಬಂತು. ಬೆಳ್ಳಿ ಕೂದಲಿನ ಅಧ್ಯಕ್ಷೆ, ಅವರ ಹಿಂದೆ ಇಬ್ಬರು ಸದಸ್ಯರು. ಸದಸ್ಯರ ಕಣ್ಣು ಬಿಸ್ಕತ್ತಿನ ತಟ್ಟೆಯನ್ನು ಹುಡುಕಿ ಅಲ್ಲೇ ನೆಲೆಯೂರಿತು. ಅಧ್ಯಕ್ಷೆಯ ಕೈಯಲ್ಲಿ ಕಪ್ಪು ಪೆಟ್ಟಿಗೆ. ನೀರಿನ ವೇಗ ಅಳೆಯುವ ಯಂತ್ರವಂತೆ. ಅದನ್ನು ಕಂಡ ಕೂಡಲೆ ಅವಳಿಗೆ ವಿಚಿತ್ರವಾಗಿ ಹಗುರವೆನಿಸಿತು: ಸರಿ, ಯಂತ್ರವೇ ಹೇಳಲಿ, ನಾನು ಬಾಯಿಬಿಡುವುದು ತಪ್ಪಿತು. ಅಧ್ಯಕ್ಷೆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಕೈಚೀಲ ತಡಕಿದರು. ಇನ್ನೊಮ್ಮೆ ತಡಕಿದರು. "ಅಯ್ಯೋ, ಬೀಗದ ಕೈ ಇನ್ನೊಂದು ಬ್ಯಾಗಲ್ಲಿ ಉಳೀತು." "ಬಿಡಿ ಮೇಡಂ," ಎಂದರು ನಿರ್ದೇಶಕರು, "ನಮ್ಮ ರಿಜಿಸ್ಟರೇ ಇದೆಯಲ್ಲ." ರಿಜಿಸ್ಟರು ಕೈಯಿಂದ ಕೈಗೆ ಹೋಯಿತು. "ಎಷ್ಟು ಮುದ್ದಾದ ಅಕ್ಷರ!" ಎಂದರು ಒಬ್ಬ ಸದಸ್ಯರು, ಬಿಸ್ಕತ್ತಿನ ಪುಡಿಯನ್ನು ಮಾರ್ಚ್ ತಿಂಗಳ ಮೇಲೆ ಉದುರಿಸುತ್ತ. "ಇಂಥ ಅಕ್ಷರದೋರು ತಪ್ಪು ಬರೆಯಲ್ಲ ಬಿಡಿ."

ಕೋಣೆಯ ಮೂಲೆಯಲ್ಲಿ ಆಳೆತ್ತರದ ಗಾಳಿಚಕ್ರವೊಂದು ತಿರುಗುತ್ತಿತ್ತು, ಅದರ ತುದಿಯಲ್ಲಿ ಒಂದು ಸಣ್ಣ ಬಲ್ಬು ಮಿಣುಕುತ್ತಿತ್ತು. "ಮಂದಾನಿಲ," ಎಂದರು ನಿರ್ದೇಶಕರು ಕೈ ಬೀಸಿ. "ನೋಡಿ ಮೇಡಂ, ಕೋಣೆಯೊಳಗಿನ ಗಾಳೀನೂ ನಾವು ಬಿಟ್ಟಿಲ್ಲ." ಅಧ್ಯಕ್ಷೆ ಚಕ್ರವನ್ನು ನೋಡಿದರು, ಬಲ್ಬನ್ನು ನೋಡಿದರು, ನಿಧಾನವಾಗಿ ತಲೆಯೆತ್ತಿ ಗರಗರ ತಿರುಗುತ್ತಿದ್ದ ಸೀಲಿಂಗ್ ಫ್ಯಾನನ್ನು ನೋಡಿದರು. "ಈ ಫ್ಯಾನ್ ಆಫ್ ಮಾಡಿದ್ರೆ?" "ಸೆಕೆ ಆಗತ್ತೆ ಮೇಡಂ." ಅಧ್ಯಕ್ಷೆ ಏನೋ ಬರೆದುಕೊಂಡರು. ಆಮೇಲೆ, "ನೂರ ಐವತ್ತಾರು ಅಂತ ಹಾಕಿದ್ದೀರಲ್ಲ, ನೀರಿನಲ್ಲಿ ಇರೋದಕ್ಕಿಂತ ಜಾಸ್ತಿ ತೆಗೆಯೋದು ಹೇಗೆ?" ಎಂದರು. "ಅದೇ ನಮ್ಮ ವಿಶೇಷ." "ಬೇರೆ ಕಡೆ ಮೂವತ್ತು ಬಂದ್ರೆ ದೊಡ್ಡದು." "ಅವ್ರು ಪ್ರಯತ್ನ ಪಟ್ಟಿಲ್ಲ ಮೇಡಂ." ಅಧ್ಯಕ್ಷೆ ಮತ್ತೆ ಬರೆದುಕೊಂಡರು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಅವಳಿಗೆ, ಕೇಳಿ, ಇನ್ನೊಂದು ಪ್ರಶ್ನೆ ಕೇಳಿ, ಎಂದು ಕೂಗಬೇಕೆನಿಸಿತು. ಅವರು ಕೇಳಲಿಲ್ಲ. ನಿರ್ದೇಶಕರು ಕರಡು ವರದಿ ಓದತೊಡಗಿದ್ದರು. ಚಕ್ರದ ವಿನ್ಯಾಸ ಅದ್ವಿತೀಯ. ಅಳತೆಗಳು ನಿಖರ. ಪದೇ ಪದೇ ಬೇರಿಂಗು ಮುರಿಯುವುದಕ್ಕೆ ಕಾರಣ ಜೋಡಣೆಯಲ್ಲಿನ ನಿರ್ಲಕ್ಷ್ಯ. ಸಂಬಂಧಪಟ್ಟ ಫಿಟ್ಟರ್ ಇದನ್ನು ಒಪ್ಪಿ ಸಹಿ ಮಾಡಿದ್ದಾರೆ. ಅವರನ್ನು ಸೇವೆಯಿಂದ ಬಿಡಿಸಲು ಶಿಫಾರಸು.

ಫಿಟ್ಟರ್ ಮಾಮನನ್ನು ಒಳಗೆ ಕರೆದರು. ಒಗೆದ ಅಂಗಿ ಹಾಕಿ, ತಲೆಗೆ ನೀರು ಸವರಿಕೊಂಡು ಬಂದಿದ್ದ. "ಎಲ್ಲಿ ಸಾರ್?" ಎಂದ, ಅಷ್ಟೇ. ಪೆನ್ನು ತೆಗೆದುಕೊಂಡ. ಅದು ಕೈಯಲ್ಲಿ ನಿಜವಾಗಿಯೂ ನಡುಗಿತು. ಅವನು ಆ ಕೈಯನ್ನು, ಕೊನೆಗೂ ಸಾಕ್ಷಿ ಸಿಕ್ಕಿತು ಎಂಬಂತೆ, ನೋಡುತ್ತ ನಿಂತ.

ಅವಳು ಎದ್ದು ನಿಂತಳು. "ಸಾರ್," ಎಂದಳು. ಫ್ಯಾನಿನ ಸದ್ದಿಗೆ ಅದು ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ, "ಸಾರ್." ನಿರ್ದೇಶಕರು ತಿರುಗಿ, ಮುಖ ಅರಳಿಸಿ, "ಹಾಂ, ಸರಿಯಾದ ಹೊತ್ತಿಗೆ ಎದ್ದೆ ನೋಡಮ್ಮ. ನಾಲ್ಕು ಟೀ ತಂದ್ಬಿಡು. ಮೇಡಂಗೆ ಸಕ್ಕರೆ ಬೇಡ," ಎಂದರು. ಅವಳು ಹೋದಳು. ಹೋದಳು ಎಂಬುದೇ ಅವಳಿಗೆ ನಂಬಲಾಗಲಿಲ್ಲ. ಕಾಲುಗಳು ಅವರ ಮಾತು ಕೇಳಿ ತಾವಾಗಿಯೇ ಅಡುಗೆ ಮೂಲೆಗೆ ನಡೆದುಬಿಟ್ಟಿದ್ದವು. ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತ ಅವಳಿಗೆ ತನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ, ಎರಡು ಲೋಟ ತುಂಬಿ ಹರಿದು ತಟ್ಟೆಗೆ ಸುರಿಯಿತು. ಮೂರು ಪ್ರತಿಯ ಫಾರಂ, ಬುಳಕ್ ಎಂಬ ಸದ್ದು, ಡ್ರಾಯರಿನಲ್ಲಿ ಯಾರಿಗೂ ಬೇಡದೆ ಸೆಕೆಂಡು ಎಣಿಸುತ್ತಿರುವ ಗಡಿಯಾರ. ಟ್ರೇ ಎತ್ತಿಕೊಂಡು ಬಂದವಳು ಅದನ್ನು ಬಿಸ್ಕತ್ತಿನ ಪಕ್ಕಕ್ಕಿಡದೆ, ವರದಿಯ ಮೇಲೆ, ಫಿಟ್ಟರ್ ಮಾಮ ಸಹಿ ಹಾಕಬೇಕಾದ ಗೆರೆಯ ಮೇಲೇ ಇಟ್ಟಳು.

"ಮಾಮನ ತಪ್ಪಲ್ಲ," ಎಂದಳು. "ನೀರು ನಾನು ಬರೆದದ್ದಕ್ಕಿಂತ ಜೋರಾಗಿದೆ. ಸ್ಟಾಪ್‌ವಾಚು ಮೊದಲ ದಿನವೇ ಕಾಲುವೆಗೆ ಬಿತ್ತು. ನಾನು ನಾಡಿ ಹಿಡಿದು ಎಣಿಸಿದೆ."

"ಏನು ಹಿಡಿದು?" ಎಂದರು ಒಬ್ಬ ಸದಸ್ಯರು.

"ನಾಡಿ."

ಇನ್ನೊಬ್ಬರಿಗೆ ಬಿಸ್ಕತ್ತು ನೆತ್ತಿಗೇರಿತು. ನಿರ್ದೇಶಕರು ಎದ್ದು, "ಪಾಪ, ಹುಡುಗಿಗೆ ಹುಷಾರಿಲ್ಲ ಮೇಡಂ, ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಏನೇನೋ ಬಡಬಡಿಸ್ತಿದಾಳೆ," ಎಂದರು. ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು ಅದು. ಅಧ್ಯಕ್ಷೆ ಮಾತ್ರ ಕೈ ಚಾಚಿ, "ಇಲ್ಲಿ ಕೊಡು," ಎಂದು ಅವಳ ಮಣಿಕಟ್ಟು ಹಿಡಿದರು. ತಮ್ಮ ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಕೂತರು. ಕೋಣೆಯಲ್ಲಿ ಫ್ಯಾನು, ಫ್ಯಾನಿನ ಗಾಳಿಗೆ ಚಕ್ರ, ಚಕ್ರದ ತುದಿಯಲ್ಲಿ ಬಲ್ಬು. ಬೇರೆಯವರ ಬೆರಳು ತನ್ನ ನಾಡಿಯ ಮೇಲೆ ಇರುವುದು ಇಷ್ಟು ತಣ್ಣಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. "ನೂರ ಇಪ್ಪತ್ತೆಂಟು," ಎಂದರು ಅಧ್ಯಕ್ಷೆ. "ಲೆಕ್ಕಕ್ಕೆ ಎಷ್ಟು ಇಟ್ಕೊಂಡಿದ್ದೆ?" "ಎಪ್ಪತ್ತೆರಡು." ಅವರು ವರದಿಯ ಅಂಚಿನಲ್ಲೇ ಭಾಗಿಸಿದರು. ನೀರಿನ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ ಎಂದು ಸದಸ್ಯರಿಗೆ ಹೇಳುತ್ತ ಗುಣಿಸಿದರು, ಮತ್ತೆ ಭಾಗಿಸಿದರು. "ಇಪ್ಪತ್ತೆಂಟು. ನೂರ ಐವತ್ತಾರಲ್ಲ, ನೂರಕ್ಕೆ ಇಪ್ಪತ್ತೆಂಟು. ಒಳ್ಳೇ ಚಕ್ರ ಕಣ್ರೀ. ಎಲ್ಲಾ ಕಡೆ ಇರೋ ಹಾಗಿರೋ ಚಕ್ರ."

ಎಲ್ಲಾ ಕಡೆ ಇರೋ ಹಾಗಿರೋ! ನಿರ್ದೇಶಕರ ಹೆಗಲಿಂದ ಯಾರೋ ಶಾಲು ಎಳೆದುಕೊಂಡಂತಾಯಿತು. "ಒಂದೂವರೆ ವರ್ಷ ಬಾಯಿ ಮುಚ್ಕೊಂಡಿದ್ದೋಳು," ಎಂದರು ಅವಳ ಕಡೆ ತಿರುಗಿ, ಸಿಟ್ಟಿಗಿಂತ ಹೆಚ್ಚಾಗಿ ದುಃಖದಿಂದ, "ಇನ್ನೊಂದು ಅರ್ಧ ಗಂಟೆ ಮುಚ್ಕೊಂಡಿರೋಕೆ ಏನಾಗಿತ್ತಮ್ಮ ನಿನಗೆ?" ಅಧ್ಯಕ್ಷೆ ಫಿಟ್ಟರನ ಹೆಸರಿದ್ದ ಸಾಲನ್ನು ಹೊಡೆದು ಹಾಕಿ, 'ಅಳತೆಯ ದೋಷ' ಎಂದು ಬರೆದು, ಅದರ ಕೆಳಗೆ ಅವಳಿಂದ ಸಹಿ ಮಾಡಿಸಿಕೊಂಡರು. ಕಾಗದದ ಮೇಲೆ ಟ್ರೇಯ ಅಡಿಯಿಂದ ಅಂಟಿದ ಟೀ ಕಲೆಗಳಿದ್ದವು. ಅವಳ ಸಹಿ ಎಂದಿನಂತೆ ಮುದ್ದಾಗಿ ಬಂತು. ಅದನ್ನು ಕಂಡು ಅವಳಿಗೆ ನಾಚಿಕೆಯಾಯಿತು. ಮುಂದಿನ ಕ್ರಮ ಪತ್ರದ ಮೂಲಕ ತಿಳಿಸಲಾಗುವುದಂತೆ. ಕಾರು ಹೋಯಿತು.

ವರ್ಕ್‌ಶಾಪಿನಲ್ಲಿ ಫಿಟ್ಟರ್ ಮಾಮ ಒಗೆದ ಅಂಗಿ ಬಿಚ್ಚಿ ಕೆಲಸದ ಅಂಗಿ ಹಾಕಿಕೊಳ್ಳುತ್ತಿದ್ದ. ಅವಳು ಬಾಗಿಲಲ್ಲಿ ನಿಂತಳು. ಅವನು ಏನಾದರೂ ಒಳ್ಳೆಯ ಮಾತು ಆಡುತ್ತಾನೆ ಎಂದು ತಾನು ಕಾಯುತ್ತಿದ್ದೇನೆ ಎಂಬುದು ಹೊಳೆದು ಇನ್ನಷ್ಟು ಕುಗ್ಗಿದಳು. "ಯಾವಾಗಿಂದ ಗೊತ್ತಿತ್ತು?" ಎಂದ. "ಏಳನೇ ತಿಂಗಳಿಂದ." ಅವನು ಗುಂಡಿಗಳನ್ನು ಒಂದೊಂದಾಗಿ ಹಾಕಿದ. "ಅವತ್ತು ಕೈ ತೋರಿಸಿದ್ನಲ್ಲ, ಆಗ?" "ಗೊತ್ತಿತ್ತು ಮಾಮ." "ಹೂಂ," ಎಂದ. "ಮನೇಲಿ ಮೊಮ್ಮಗೂನ ಎತ್ಕೊಳ್ಳೋದು ಬಿಟ್ಟಿದ್ದೆ ಕಣೇ. ಬೀಳಿಸಿಬಿಡ್ತೀನೇನೋ ಅಂತ." ಸ್ಪ್ಯಾನರು ತೆಗೆದುಕೊಂಡು ಅವಳ ಪಕ್ಕದಿಂದಲೇ, ಅವಳನ್ನು ಮುಟ್ಟದಷ್ಟು ಸರಿದು, ಹೊರಗೆ ಹೋದ. ಅವಳು ಅಳಲಿಲ್ಲ. ಅತ್ತರೆ ಅವನು ತಿರುಗಿ ಬಂದು ಸಮಾಧಾನ ಮಾಡಬೇಕಾಗುತ್ತಿತ್ತು. ಅದನ್ನೂ ಅವನ ತಲೆಗೆ ಕಟ್ಟುವುದು ಬೇಡ ಎಂದು ತಡೆದುಕೊಂಡಳು.

ಒಂದು ಗಂಟೆಯ ಅಳತೆ ಈ ಗಲಾಟೆಯಲ್ಲಿ ತಪ್ಪಿಹೋಗಿತ್ತು. ನಾಲ್ಕಕ್ಕೆ ಅವಳು ಚೆಂಡು ತೆಗೆದುಕೊಂಡು ದಂಡೆಗೆ ಹೋದಳು. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ. ಮೊದಲ ಗೂಟದ ಹತ್ತಿರ ನಿಂತ ಮೇಲೆ ಡ್ರಾಯರಿನ ಗಡಿಯಾರ ನೆನಪಾಯಿತು. ಒಳಗೆ ಹೋಗಿ ತರಬಹುದಿತ್ತು. ಕೆಳಗೆ, ಎರಡನೆಯ ಗೂಟದಾಚೆ, ಫಿಟ್ಟರ್ ಮಾಮ ಚಕ್ರದ ಮೇಲೆ ಬಗ್ಗಿ, ಬೆನ್ನು ತೋರಿಸಿಕೊಂಡು ಏನೋ ಬಿಗಿಯುತ್ತಿದ್ದ. ಸೇತುವೆಯ ಮೇಲಿಂದ ಸಮಯಕ್ಕೆ ಸರಿಯಾಗಿ ಬಂತು: "ಮೇಷ್ಟ್ರಮ್ಮಾ! ಇವತ್ತಾದ್ರೂ ಮೀನು ಬಿತ್ತಾ?"

ಅವಳು ತಲೆಯೆತ್ತಿದಳು. ಒಂದೂವರೆ ವರ್ಷದಲ್ಲಿ ಅವನ ಮುಖವನ್ನು ಅವಳು ನೇರವಾಗಿ ನೋಡಿದ್ದು ಇದೇ ಮೊದಲು. ಅವಳೆಂದುಕೊಂಡಿದ್ದಕ್ಕಿಂತ ವಯಸ್ಸಾಗಿತ್ತು, ಒಂದು ಹಲ್ಲಿರಲಿಲ್ಲ. "ನಿಮ್ಮ ಗಡಿಯಾರದಲ್ಲಿ ಸೆಕೆಂಡಿನ ಮುಳ್ಳಿದೆಯಾ?" ಎಂದಳು. ಕೇಳಿಸಲಿಲ್ಲವೇನೋ. ಕೂಗಿದಳು. ಅವನ ಬಾಯಿ ತೆರೆದದ್ದು ತೆರೆದೇ ಉಳಿಯಿತು. ಆಮೇಲೆ ಗ್ರೀಸು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿ, ಗಡಿಯಾರವನ್ನು ಕಣ್ಣಿನ ಹತ್ತಿರ ಹಿಡಿದು, "ಇದೆ ಇದೆ, ಏನ್ ಮಾಡ್ಬೇಕು ಹೇಳಿ," ಎಂದ. "ಚೆಂಡು ಬಿಟ್ಟ ಕೂಡ್ಲೆ ಎಣಿಸಿ. ಜೋರಾಗಿ."

ಚೆಂಡು ಬಿಟ್ಟಳು. ಅವನು ಎಣಿಸತೊಡಗಿದ. ಐದಕ್ಕೆ ಅವನ ಪಕ್ಕದವನು ದನಿಗೂಡಿಸಿದ, ಹತ್ತಾಗುವಷ್ಟರಲ್ಲಿ ಸೇತುವೆಯ ಮೇಲಿದ್ದವರೆಲ್ಲ ಹರಾಜು ಕೂಗುವವರಂತೆ ಕೂಗುತ್ತಿದ್ದರು. ಅವಳ ಬೆರಳು ಮಣಿಕಟ್ಟಿಗೆ ಹೋಗಿತ್ತು. ನಾಡಿ ಹೊಡೆದುಕೊಳ್ಳುತ್ತಿತ್ತು, ಬೇಕಾದಷ್ಟು ಹೊಡೆದುಕೊಳ್ಳಲಿ ಎಂದು ಬೆರಳು ತೆಗೆದಳು. ಅವಸರದಲ್ಲಿ ಬಲೆ ತರುವುದು ಮರೆತದ್ದು ಆಗ ಗೊತ್ತಾಯಿತು. ಹದಿನೆಂಟು, ಹತ್ತೊಂಬತ್ತು. ಚೆಂಡು ಎರಡನೆಯ ಗೂಟ ದಾಟಿದರೆ ನೇರ ಚಕ್ರದ ಹಲಗೆಗೆ. ಅವಳು ಓಡಿದಳು. ಎಣಿಕೆ ಕೇಳಿ ಫಿಟ್ಟರ್ ಮಾಮ ತಿರುಗಿದ್ದ. ಅವಳನ್ನು ನೋಡಲಿಲ್ಲ, ಚೆಂಡನ್ನು ನೋಡಿದ. ಸ್ಪ್ಯಾನರನ್ನು ಎಡಗೈಗೆ ದಾಟಿಸಿ, ಗೂಟಕ್ಕೆ ಒರಗಿ, ಬಲಗೈಯನ್ನು ನೀರಿನ ಮಟ್ಟಕ್ಕೆ ಚಾಚಿದ. ಇಪ್ಪತ್ನಾಲ್ಕು. ಚಾಚಿದ ಕೈ ಅಲುಗದೆ ನಿಂತಿತ್ತು. ಅವನೂ ಅದನ್ನೇ ನೋಡುತ್ತಿದ್ದ. ಇಪ್ಪತ್ತೈದು ಎಂದಾಗ ಹಳದಿ ಚೆಂಡು ತಾನಾಗಿಯೇ ಬಂದು ಅಂಗೈಯೊಳಗೆ ಕೂತಿತು.